ಅಮ್ಮ ಇಳಿಯದ ದಡ

ಕೊಲ್ಲಿ ನಾಡಿನ ಖೋಬರ್‌ನಲ್ಲಿ, ತರಕಾರಿ ಅಂಗಡಿಯಲ್ಲಿ ಸಬ್ಬಸಿಗೆ ಸೊಪ್ಪಿನ ಘಮ ಮೂಗಿಗೆ ಬಡಿದಾಗಲೆಲ್ಲ ನನಗೆ ಅಮ್ಮನ ಜೊತೆಗೆ ಒಂದು ನದಿಯೂ ನೆನಪಾಗುತ್ತದೆ. ಅದೇ ದೇಶದ, ನಾನು ಬೆಳೆದ ಊರಾದ ಖಮೀಸ್ ಮುಶೈತ್‌ನ ನಮ್ಮ ಮನೆಯಲ್ಲಿ ಆ ಸೊಪ್ಪು ಬೆಳಿಗ್ಗೆ ಅಕ್ಕಿರೊಟ್ಟಿಗೆ ಬಿದ್ದರೆ, ಸಂಜೆ ಬೆಣ್ಣೆ ಹಾಕಿದ ಬೆಂದ ಆಲೂಗಡ್ಡೆಯ ಮೇಲೆ ಬೀಳುತ್ತಿತ್ತು. ರೊಟ್ಟಿ ಅಮ್ಮ ಮೈಸೂರಿನಿಂದ ತಂದದ್ದು, ಆಲೂಗಡ್ಡೆ ರಷ್ಯಾದಿಂದ. ಡಾಕ್ಟರಿಕೆ ಓದಲು ಅವಳು ವೋಲ್ಗಾ ದಡದ ಯಾರೊಸ್ಲಾವ್ಲ್‌ಗೆ ಹೋಗಿದ್ದಾಗ, ಮಾಂಸ ಮುಟ್ಟದ ಈ ಹುಡುಗಿ ಹಸಿದುಕೊಂಡಿರಬಾರದೆಂದು ಹಾಸ್ಟೆಲ್ಲಿನ ಅಡುಗೆಯ ವೇರಾ ಆರು ವರ್ಷ ಅದನ್ನು ಬೇರೆಯಾಗಿ ಬೇಯಿಸಿ ಹಾಕಿದ್ದಳಂತೆ. ನಮ್ಮ ಪಾಲಿಗೆ ಅವಳು ಕಣ್ಣಾರೆ ಕಾಣದ ವೇರಾ ಅಜ್ಜಿ.

ಖಮೀಸ್‌ನಲ್ಲಿ ಮಳೆ ಬಂದರೆ ಊರಿಗೆ ಊರೇ ಕಾರು ಹತ್ತಿ, ಒಣಗಿದ ಹಳ್ಳದಲ್ಲಿ ನೀರು ಹರಿಯುವುದನ್ನು ನೋಡಲು ಹೊರಡುತ್ತಿತ್ತು. ನದಿಯೇ ಇಲ್ಲದ ದೇಶದಲ್ಲಿ ಆ ಕೆಂಪು ನೀರೇ ಹಬ್ಬ. ಅಮ್ಮ ಮಾತ್ರ ಮೂಗು ಮುರಿಯುತ್ತಿದ್ದಳು, "ಇದೇನ್ ಮಹಾ, ನೀವು ವೋಲ್ಗಾ ನೋಡ್ಬೇಕು." ಅಪ್ಪ ಬಿಡುತ್ತಿರಲಿಲ್ಲ, "ನೀರು ನೋಡೋಕೆ ರಷ್ಯಾಗೇ ಹೋಗ್ಬೇಕೇನೆ? ಕೆಆರ್‌ಎಸ್ ಸಾಲ್ದಾ?" ಹಾಗೆ ಕಾಡಿಸುತ್ತಿದ್ದ ಅಪ್ಪನೇ, ನನಗೆ ಹತ್ತು ವರ್ಷವಾದ ಬೇಸಿಗೆಯಲ್ಲಿ, ಮೈಸೂರಿಗೆಂದು ಇಟ್ಟಿದ್ದ ರಜೆಯನ್ನು ಅಮ್ಮನ ನದಿಗೆ ಬಿಟ್ಟುಕೊಟ್ಟ.

ಅಬ್ಬಾ, ಆ ನದಿ! ನಾವು ಹತ್ತಿದ ಪ್ರವಾಸಿ ಹಡಗು ಸಾಗುತ್ತಲೇ ಇತ್ತು, ನೀರು ಮುಗಿಯುತ್ತಲೇ ಇರಲಿಲ್ಲ. ಎರಡೂ ದಡಗಳಲ್ಲಿ ಬಿಳಿ ತೊಗಟೆಯ ಮರಗಳು, ಕೆತ್ತನೆಯ ಕಿಟಕಿಗಳಿದ್ದ ಮರದ ಮನೆಗಳು. ಕೊಸ್ಟ್ರೊಮಾ ಎಂಬ ಊರಿನಲ್ಲಿ ಕ್ರೈಸ್ತ ಮಠದ ಬಿಳಿ ಗೋಡೆಯ ಮೇಲಿನ ಚಿನ್ನದ ಗುಮ್ಮಟಗಳು ನೀರಿಗೂ ಇಳಿದು ಅಲುಗಾಡುತ್ತಿದ್ದವು. ಅವೆಲ್ಲಕ್ಕಿಂತ ನನ್ನನ್ನು ಬೆರಗಾಗಿಸಿದವಳು ಅಮ್ಮ. ಕ್ಲಿನಿಕ್ಕಿನಿಂದ ಸುಸ್ತಾಗಿ ಬಂದು ಸೋಫಾದ ಮೇಲೆ ಒರಗುತ್ತಿದ್ದವಳು ಇಲ್ಲಿ ಜಡೆ ಬಿಚ್ಚಿಕೊಂಡು, ಗುರುತಿಲ್ಲದವರೊಂದಿಗೆ ಗಟ್ಟಿಯಾಗಿ ರಷ್ಯನ್ ಮಾತಾಡುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಏಕೆ ನಗುತ್ತಾಳೆಂದು ನನಗೆ ಒಂದಕ್ಷರ ಗೊತ್ತಾಗುತ್ತಿರಲಿಲ್ಲ. ಅಮ್ಮ ನಮ್ಮವಳಾಗಿ ಉಳಿದಿಲ್ಲ ಅನ್ನಿಸಿ ಹೊಟ್ಟೆಕಿಚ್ಚಾಯಿತು.

ನಾಲ್ಕನೆಯ ದಿನ ಹಡಗು, ವೇರಾ ಅಜ್ಜಿ ಕೆಲಸ ಬಿಟ್ಟ ಮೇಲೆ ನೆಲೆಸಿದ್ದ ಹಳ್ಳಿಯಲ್ಲಿ ಎರಡು ಗಂಟೆ ನಿಲ್ಲುವುದಿತ್ತು. ಅಮ್ಮ ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು ಸಿದ್ಧಳಾಗಿದ್ದಳು. ಆಗ ನಾನು ಹೊಟ್ಟೆನೋವೆಂದು ಸುಳ್ಳು ಹೇಳಿ ಮಲಗಿಬಿಟ್ಟೆ. ಅಮ್ಮ ಹೊಟ್ಟೆ ಒತ್ತಿ ನೋಡಿದಳು. "ನಾನಿರ್ತೀನಿ, ನೀನ್ ಹೋಗಿ ಬಾ" ಎಂದ ಅಪ್ಪ. ನಾನು ಅಮ್ಮನ ಸೆರಗು ಹಿಡಿದು ಅತ್ತೆ. ಇಳಿಯುತ್ತಿದ್ದವರೊಬ್ಬರ ಕೈಯಲ್ಲಿ ಅವಳು ವೇರಾ ಅಜ್ಜಿಗೆಂದು ಒಂದು ಚೀಟಿ ಬರೆದುಕೊಟ್ಟು ಕಳಿಸಿದಳು. ಹಡಗು ಹೊರಟಾಗ ಸೀರೆ ಬಿಚ್ಚಿ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ನಮಗೆ ಆ ಕಡೆ ಹೋಗುವುದಾಗಲಿಲ್ಲ.

ಅಮ್ಮ ತೀರಿಕೊಂಡ ಮೇಲೆ, ಹೋದ ಬೇಸಿಗೆಯಲ್ಲಿ ನಾನೊಬ್ಬಳೇ ಆ ಹಳ್ಳಿಗೆ ಹೋದೆ. ವೇರಾ ಅಜ್ಜಿ ಬದುಕಿರಲಿಲ್ಲ. ಅವಳ ಮಗಳು, ತಲೆ ನರೆತ ಹೆಂಗಸು, ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದಳು: ಚೀಟಿ ಓದಿದ ಕೂಡಲೇ ಅಜ್ಜಿ, ನೆಟ್ಟಗೆ ನಿಲ್ಲಲಾಗದ ಕಾಲಿನಲ್ಲಿ, ಗುಡ್ಡ ಹತ್ತಿ ಹಳ್ಳಿಯ ಮಠಕ್ಕೆ ಹೋಗಿ ನನಗಾಗಿ ಮೇಣದ ಬತ್ತಿ ಹಚ್ಚಿದ್ದಳಂತೆ. "ಆಮೇಲೆ ವಾಸಿಯಾಯಿತಾ?" ಎಂದು ಕೇಳಿದಳು.

ಅಷ್ಟು ವರ್ಷಗಳಲ್ಲಿ ಮೊದಲ ಸಲ ನಿಜ ಹೇಳಿದೆ, ನೋವೇ ಇರಲಿಲ್ಲವೆಂದು. ಅವಳಿಗೆ ಕೋಪ ಬರಲಿಲ್ಲ. "ನಿಮ್ಮಮ್ಮ ಅದನ್ನೂ ಬರೆದಿದ್ದರು. ಅಜ್ಜಿ ಬತ್ತಿ ಹಚ್ಚಿದ್ದು ಹೊಟ್ಟೆನೋವಿಗಲ್ಲ, ನಾನು ಕೇಳಿದ್ದೂ ಅದನ್ನಲ್ಲ" ಎಂದಳು. "ನೋವೇನಿಲ್ಲ, ನನ್ನನ್ನು ಯಾರಿಗೂ ಬಿಟ್ಟುಕೊಡಲು ಮಗಳಿಗೆ ಮನಸ್ಸಿಲ್ಲ, ಅದಕ್ಕೇ ಬರಲಾಗುತ್ತಿಲ್ಲ ಅಂತ."