ಕಡಲೆ ಹಿಟ್ಟಿನ ಡಬ್ಬಿಯ ಹಿಂದೆ

ನಾನು ಬಿದ್ದೆ ಎಂದು ಅವರು ಹೇಳಿದರು.

ನನಗೆ ನೆನಪಿರುವುದು ಇಷ್ಟೇ. ಬೆಳಿಗ್ಗೆ ಎದ್ದು ಒಲೆಯ ಮುಂದೆ ಕೂತು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಕೈ ಎರಡು ಸಲ ತಾನಾಗಿಯೇ ಹಾರಿತು. ಹಿಟ್ಟು ಚೆಲ್ಲಿತು. ಮತ್ತೆ ಕಣ್ಣು ಬಿಟ್ಟಾಗ ಪಡಸಾಲೆಯ ಚಾಪೆಯ ಮೇಲಿದ್ದೆ. ಮೈಮೇಲೆ ಬೇರೆ ಸೀರೆ. ನಾಲಿಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತದ ರುಚಿ. ಎರಡೂ ತೋಳುಗಳ ಮೇಲೆ ಬೆರಳು ಒತ್ತಿದ ಹಾಗೆ ನೀಲಿ ಕಲೆಗಳು.

"ಏನಾಯ್ತ್ರಿ ಅತ್ತಿ?" ಎಂದೆ.

"ಏನಿಲ್ಲ, ಬಿದ್ದಿದ್ದಿ. ಗಪ್ಪ ಮಲಕೋ."

ಬಿದ್ದವಳ ತೋಳಿನ ಮೇಲೆ ಬೆರಳಿನ ಗುರುತು ಹೇಗೆ ಬರುತ್ತದೆ? ನಾನು ಮೊದಲಿನಿಂದಲೂ ಸಂಶಯದ ಗಿರಾಕಿ. ಅಂಗಡಿಯಿಂದ ತಂದ ಸಕ್ಕರೆಯನ್ನು ಮನೆಯಲ್ಲಿ ಮತ್ತೊಮ್ಮೆ ತೂಗಿ ನೋಡುವವಳು. ಆದರೆ ಆ ದಿನ ಕೇಳಲು ಧೈರ್ಯ ಬರಲಿಲ್ಲ. ಮದುವೆಯಾಗಿ ಎರಡೇ ವರ್ಷವಾಗಿತ್ತು. ಗಂಡನ ಮನೆ ಬಸವಕಲ್ಯಾಣದಿಂದ ಗೋರ್ಟಾ ಕಡೆ ಹೋಗುವ ದಾರಿಯಲ್ಲಿ. ನನ್ನ ತವರು ಹುಮನಾಬಾದ್ ದಾಟಿ ಹಳ್ಳಿಖೇಡದ ಹತ್ತಿರ. ಈ ಮನೆಯಲ್ಲಿ ಇರುವವರು ಮೂವರೇ: ನಮ್ಮ ಮನೆಯವರು, ಅವರ ತಾಯಿ, ನಾನು.

ಎರಡು ತಿಂಗಳಲ್ಲಿ ಮತ್ತೆರಡು ಸಲ ಹೀಗಾಯಿತು. ಪ್ರತಿ ಸಲವೂ ಬೆಳಿಗ್ಗೆ, ಪ್ರತಿ ಸಲವೂ ಬೇರೆ ಸೀರೆ, ತೋಳಿನ ಮೇಲೆ ಕಲೆ. ವಾರಕ್ಕೊಮ್ಮೆ ಹುಮನಾಬಾದಿಗೆ ಬರುವ ನ್ಯೂರೋ ಡಾಕ್ಟರ್ ಇಇಜಿ ಮಾಡಿಸಿ, ಎಪಿಲೆಪ್ಸಿ ಎಂದರು.

ಫಿಟ್ಸ್.

"ವರ್ಷಗಟ್ಟಲೆ ಗುಳಿಗಿ ತಗೋಬೇಕಮ್ಮ, ಒಂದು ದಿನಾನೂ ತಪ್ಪಿಸಬಾರದು. ಮತ್ತ ಬಂದ್ರ ಯಾರಾದ್ರೂ ವಿಡಿಯೋ ಮಾಡ್ರಿ. ಅದನ್ನ ನೋಡಿದ್ರ ನಮಗ ಭಾಳ ಗೊತ್ತಾಗ್ತದ," ಎಂದರು.

ಅಂದಿನಿಂದ ಅತ್ತೆ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಬಾವಿಗೆ ಕಳಿಸಲಿಲ್ಲ. ಹೊಲಿಗೆ ಮಷೀನಿನ ಬೆಲ್ಟು ಬಿಚ್ಚಿ ಎಲ್ಲೋ ಇಟ್ಟರು. ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದರೆ ಬಚ್ಚಲಿನ ಬಾಗಿಲಿಗೆ ಚಿಲಕವೇ ಇರಲಿಲ್ಲ. ಮೊಳೆ ಕಿತ್ತ ತೂತುಗಳು ಮಾತ್ರ ಇದ್ದವು.

"ಕೆಟ್ಟಿತ್ತು, ತಗದೀನಿ," ಎಂದರು.

ಕೆಟ್ಟಿರಲಿಲ್ಲ. ಹಿಂದಿನ ದಿನ ನಾನೇ ಹಾಕಿದ್ದೆ. ಅಂದಿನಿಂದ ಬಾಗಿಲಿಗೆ ಬಕೆಟ್ ಒತ್ತಿಟ್ಟು ಸ್ನಾನ ಮಾಡುತ್ತಿದ್ದೆ. ಹೊರಗೆ ಅತ್ತೆ ಕೂತು ಕೆಮ್ಮುವುದು ಕೇಳುತ್ತಿತ್ತು. ರೋಗ ಬಂದವಳಿಗೆ ಮಾನವೂ ಬೇಡವೇ ಎಂದು ಸಿಟ್ಟು ಬರುತ್ತಿತ್ತು. ಒಳಗೊಳಗೇ ಅವರನ್ನು ಬಹಳ ಬೈದಿದ್ದೇನೆ.

ಆಮೇಲೆ ಒಂದು ದಿನ ಹಿತ್ತಲಲ್ಲಿ ಅವರು ಮಗನಿಗೆ ಹೇಳಿದ್ದು ಕಿವಿಗೆ ಬಿತ್ತು: "ನನ್ ಕೈಲಿ ಆಗಂಗಿಲ್ಲಪ್ಪಾ. ಅಕಿನ್ನ ಅವರಣ್ಣನ ಮನ್ಯಾಗ ಬಿಟ್ಟ ಬಾ."

ಹಾಗಾದರೆ ಇದು ಇಷ್ಟು ದೂರ ಬಂದಿದೆ. ನಾಳೆ ಈ ಮನೆಗೆ ಇನ್ನೊಬ್ಬಳು ಬರುತ್ತಾಳೆ.

ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಅಣ್ಣನಿಗೆ ಫೋನ್ ಮಾಡಿ, ಮೈಮೇಲಿನ ಕಲೆಗಳ ವಿಷಯ ಹೇಳಿದೆ. "ಹೊಡ್ಯಾಕತ್ತಾರ ಅಂತ ಪಕ್ಕಾ ಇದ್ರ ಹೇಳು ಅಂಬಿಕಾ, ಇವತ್ತ ಬಂದು ಕರ್ಕೊಂಡು ಹೋಗ್ತೀನಿ. ಮತ್ತ ಆ ಮನಿ ಮೆಟ್ಟಲಾ ಹತ್ತೂದು ಬ್ಯಾಡ. ಬರೀ ಸಂಶಯ ಇದ್ರ ಮಾತ್ರ ಸ್ವಲ್ಪ ತಡಿ, ಖಾತ್ರಿ ಮಾಡ್ಕೋ."

ನಾಲ್ಕನೆಯ ಸಲ ಬಂದಾಗ ನಮ್ಮ ಮನೆಯವರು ವಿಡಿಯೋ ಮಾಡಿದರು. ಒಂದು ನಿಮಿಷವೂ ಇಲ್ಲ, ನಡುವೆಯೇ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ.

"ಮುಂದಿಂದು ಎಲ್ಲಿ ಅದರಿ?"

"ಅಷ್ಟ ಅದ," ಎಂದು ಮುಖ ತಿರುಗಿಸಿದರು.

ಅಷ್ಟನ್ನೇ ನೋಡಿ ಡಾಕ್ಟರ್ ಡೋಸ್ ಹೆಚ್ಚಿಸಿದರು. ನನಗೆ ಮಾತ್ರ ಕತ್ತರಿಸಿದ ಭಾಗವೇ ಬೇಕಾಗಿತ್ತು.

ಪಡಸಾಲೆಯ ಗೋಡೆಯ ಗೂಡಿನಲ್ಲಿ ಕಡಲೆ ಹಿಟ್ಟಿನ ಡಬ್ಬಿ ಇದೆ. ಹಬ್ಬಕ್ಕಲ್ಲದೆ ಅದು ಕೆಳಗೆ ಇಳಿಯುವುದಿಲ್ಲ. ಅದರ ಹಿಂದೆ ನನ್ನ ಹಳೆಯ, ಗಾಜು ಒಡೆದ ಫೋನನ್ನು ಕ್ಯಾಮೆರಾ ಮಾತ್ರ ಇಣುಕುವಂತೆ ಇಟ್ಟೆ. ನನಗೆ ಫಿಟ್ಸ್ ಬರುವುದು ಎದ್ದ ಒಂದು ಗಂಟೆಯ ಒಳಗೆ. ಹಾಗಾಗಿ ಎದ್ದ ಕೂಡಲೇ ರೆಕಾರ್ಡಿಂಗ್ ಶುರು ಮಾಡುತ್ತಿದ್ದೆ. ಮೊದಲು ಅದರ ಮುಂದೆ ನಿಂತು, ಅಣ್ಣ ಎದುರಿಗಿದ್ದಾನೆಂದುಕೊಂಡು ಪಿಸುಮಾತಿನಲ್ಲಿ ಹೇಳುತ್ತಿದ್ದೆ: "ಅಣ್ಣಾ, ಇವತ್ತ ತೋಳಿನ ಮ್ಯಾಲ ಕಲಿ ಇಲ್ಲ. ಗುಳಿಗಿ ತಗೊಂಡೀನಿ. ನಂಗೇನರ ಆದ್ರ ಇದನ್ನ ನೋಡು."

ಪೊಲೀಸರಿಗೆ ಹೇಳಿಕೆ ಕೊಟ್ಟ ಹಾಗೆ ಶುರುವಾದದ್ದು ದಿನ ಕಳೆದಂತೆ ಬೇರೆಯಾಯಿತು. ಗುಳಿಗೆಯಿಂದ ಬರುವ ಮಂಪರಿನ ವಿಷಯ ಹೇಳಿದೆ. ನನ್ನ ಮೈ ನನಗೆ ತಿಳಿಯದಂತೆ ಏನೋ ಮಾಡುತ್ತದೆ, ಅದನ್ನು ಎಲ್ಲರೂ ನೋಡಿರುತ್ತಾರೆ, ನಾನೊಬ್ಬಳೇ ನೋಡಿರುವುದಿಲ್ಲ ಎಂಬ ನಾಚಿಕೆಯನ್ನು ಹೇಳಿದೆ. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲನ್ನು ಕಾಲುವೆಗೆ ಬೀಳಿಸಿ, ಆಡು ಅಡ್ಡ ಬಂತೆಂದು ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. ಫೋನಿನಲ್ಲಿ ಜಾಗ ಸಾಲದೆ ದಿನವೂ ಅಳಿಸಬೇಕಿತ್ತು. ಅಳಿಸುವ ಮುಂಚೆ ಒಮ್ಮೆ ನೋಡುತ್ತಿದ್ದೆ. ಅದರಲ್ಲಿದ್ದ ಹೆಂಗಸು ರೋಗಿಯಂತೆ ಕಾಣುತ್ತಿರಲಿಲ್ಲ, ಜಗಳಗಂಟಿಯಂತೆ ಕಾಣುತ್ತಿದ್ದಳು. ನನಗೆ ಅದರಿಂದ ಎಷ್ಟೋ ಸಮಾಧಾನವಾಗುತ್ತಿತ್ತು.

ಮೂರು ವಾರ ಕಳೆದ ಮೇಲೆ ಒಂದು ದಿನ ಎಚ್ಚರವಾದಾಗ ಮೈಮೇಲೆ ಬೇರೆ ಸೀರೆ ಇತ್ತು.

ಅತ್ತೆ ಎಮ್ಮೆಗೆ ಮೇವು ಹಾಕಲು ಹೋಗುವವರೆಗೆ ಕಾದು, ಫೋನ್ ತೆಗೆದೆ.

ನಾನು ಬೀಳುವುದನ್ನು ನಾನು ನೋಡಿದೆ.

ಬೇಳೆ ಹಸನು ಮಾಡುತ್ತ ಕೂತವಳು ಒಮ್ಮೆಲೇ ಕೂಗಿದೆ. ಅದು ನನ್ನ ದನಿಯಲ್ಲ. ತಲೆ ಬೀಸುವ ಕಲ್ಲಿನ ಕಡೆ ವಾಲಿತು. ಅತ್ತೆ ಓಡಿ ಬಂದರು. ಎರಡೂ ತೋಳು ಬಿಗಿಯಾಗಿ ಹಿಡಿದು ಕಲ್ಲಿನಿಂದ ದೂರ ಎಳೆದು, ಮಗ್ಗುಲಿಗೆ ಮಲಗಿಸಿದರು. ಆ ಬೆರಳುಗಳನ್ನು ನೋಡಿದೆ. ನಮ್ಮ ಮನೆಯವರು ಕೀಲಿಕೈ ಗೊಂಚಲು ತಂದು ನನ್ನ ಅಂಗೈಗೆ ಒತ್ತಲು ಹೋದರು. ಅತ್ತೆ ಅವರ ಕೈಗೆ ಹೊಡೆದರು. "ಕೀಲಿ ಒಗಿ ಅತ್ಲಾಗ. ದಿಂಬು ತಾ!" ಅಷ್ಟರಲ್ಲಿ ನನ್ನ ಸೀರೆ ಒದ್ದೆಯಾಯಿತು. ನಮ್ಮ ಮನೆಯವರು ದಿಂಬು ಕೊಟ್ಟು, ಗೋಡೆಯ ಕಡೆ ತಿರುಗಿ ನಿಂತರು. ಅವರು ಕತ್ತರಿಸಿದ್ದು ಇದನ್ನೇ. ಮಗನನ್ನು ಹೊರಗೆ ಕಳಿಸಿ ಅತ್ತೆ ನನ್ನ ಮೈ ಒರೆಸಿ ಸೀರೆ ಬದಲಿಸಿದರು.

ಮುಗಿಯಿತು ಎಂದುಕೊಂಡೆ. ಆದರೆ ಅವರು ಎದ್ದು ಹೋಗಲಿಲ್ಲ. ಮಲಗಿದ್ದ ನನ್ನ ಬಾಯಿ ಒರೆಸುತ್ತ ಮಾತಾಡಲು ಶುರು ಮಾಡಿದರು.

"ನಿಂಗ ಕೇಳ್ಸಂಗಿಲ್ಲ, ಅದಕ್ಕ ಹೇಳಾಕತ್ತೀನಿ. ನಮ್ ತಂಗಿ ಕಾಶಿಬಾಯಿಗೂ ಹಿಂಗ ಬರ್ತಿತ್ತು. ಅವತ್ತ ಜಳಕಕ್ಕ ಹೋಗೂಮುಂದ, ಬಾಗಲಾ ತಗದ ಇಡ್ಲೇನಕ್ಕಾ ಅಂದ್ಳು. ಹೊರಗ ಗಂಡಸ್ರು ಕುಂತಾರ, ಚಿಲಕಾ ಹಾಕ್ಕೋ ಅಂತ ನಾನ ಅಂದೆ. ಕುದಿಯೂ ನೀರಿನ ಹಂಡೆ ಮ್ಯಾಲ ಬಿದ್ಳು. ಬಾಗಲಾ ಬಡದ್ವಿ, ಬಡದ್ವಿ..."

ಸೆರಗಿನಿಂದ ಮೂಗು ಒರೆಸಿಕೊಂಡರು.

"ಇನ್ನೊಮ್ಮಿ ನೋಡೂ ತಾಕತ್ ನನಗಿಲ್ಲ. ಅದಕ್ಕ ನಿನ್ನ ಬಿಟ್ಟ ಬಾ ಅಂದಿದ್ದೆ ಅವಂಗ. ಆಮ್ಯಾಲ ನೆನಸ್ದೆ, ನಿಮ್ಮಣ್ಣನ ಬಚ್ಚಲಕ್ಕೂ ಚಿಲಕಾ ಇರ್ತದಲ್ಲ."

ಆಗಲೂ ನನ್ನ ಬುದ್ಧಿ ಬಿಡಲಿಲ್ಲ. ಗೂಡಿನಲ್ಲಿ ಫೋನ್ ಇರುವುದು ಗೊತ್ತಿದ್ದೇ ಹೇಳಿದರೋ ಏನೋ ಎಂದು ಅವರ ಕಣ್ಣನ್ನೇ ನೋಡುತ್ತ ನಾಲ್ಕು ಸಲ ವಿಡಿಯೋ ಹಾಕಿದೆ. ಅವರು ಒಮ್ಮೆಯೂ ಗೂಡಿನ ಕಡೆ ನೋಡಿರಲಿಲ್ಲ. ಐದನೆಯ ಸಲ ನೋಡಲಾಗಲಿಲ್ಲ. ಜೋರಾಗಿ ಅತ್ತುಬಿಟ್ಟೆ. ಅಣ್ಣನಿಗೆ ಫೋನ್ ಮಾಡಿ, ಬರೀ ಸಂಶಯವಾಗಿತ್ತು, ಬರಬೇಡ ಎಂದೆ.

ಅತ್ತೆಗೆ ಫೋನಿನ ವಿಷಯ ಹೇಳಿದಾಗ ಅವರಿಗೆ ಸಿಟ್ಟು ನೆತ್ತಿಗೇರಿತು. "ಕಳ್ಳರ ಗತೆ ಮನ್ಯಾಗ ಫೋನ್ ಇಡ್ತಿ?" ಎಂದರು. ಎರಡು ದಿನ ಮಾತು ಬಿಟ್ಟರು. ಆಮೇಲೂ ಪಡಸಾಲೆಯಲ್ಲಿ ಕೂರುವ ಮುಂಚೆ ಗೂಡಿಗೆ ಟವೆಲ್ ಹೊದಿಸುತ್ತಿದ್ದರು. ಈಗ ಸಂಶಯದ ಸರದಿ ಅವರದ್ದು. ಅವರು ಬೈದದ್ದು ಸರಿ ಎಂದೇ ನನಗೂ ಅನಿಸಿತು.

ಡಾಕ್ಟರಿಗೆ ವಿಡಿಯೋ ತೋರಿಸುವಾಗ ಮೊದಲ ಭಾಗವನ್ನಷ್ಟೇ ಇಟ್ಟು ಉಳಿದದ್ದನ್ನು ನಾನೂ ಕತ್ತರಿಸಿದೆ. ಅವರು ನೋಡಿ, ಮನೆಯಲ್ಲಿ ಏನೇನು ಜಾಗ್ರತೆ ಮಾಡಿದ್ದೀರಿ ಎಂದು ಕೇಳಿಕೊಂಡು, ಅತ್ತೆಗೆ ಹೇಳಿದರು: "ಚಿಲಕ ತಗದದ್ದು, ಒಲಿ ಹತ್ರ ಬಿಡದಿದ್ದದ್ದು ಬರಾಬರ್ ಮಾಡೀರಿ. ತೋಳು ಮಾತ್ರ ಅಷ್ಟು ಬಿಗಿ ಹಿಡೀಬ್ಯಾಡ್ರಿ." ಅತ್ತೆ ತಲೆ ತಗ್ಗಿಸಿ ತಮ್ಮ ಕೈಗಳನ್ನು ನೋಡಿಕೊಂಡರು.

ಗುಳಿಗೆ ಬದಲಾಯಿತು. ಐದು ತಿಂಗಳಿಂದ ಫಿಟ್ಸ್ ಬಂದಿಲ್ಲ. ಈ ಐದು ತಿಂಗಳನ್ನು ನಾನು ಪೂರ್ತಿ ನಂಬಿಲ್ಲ. ಬಚ್ಚಲಿಗೆ ಈಗ ಪರದೆ ಇದೆ, ಸ್ನಾನ ಮಾಡುವಾಗ ಹೊರಗಿನ ಕೆಮ್ಮು ಕೇಳದಿದ್ದರೆ ನಾನೇ ಕರೆಯುತ್ತೇನೆ. ಫೋನನ್ನು ಎದುರಿಗೇ ಇಟ್ಟುಕೊಂಡು ದಿನವೂ ನಾಲ್ಕು ಮಾತು ಹೇಳುತ್ತೇನೆ. ಈಗ ಅಳಿಸುವುದಿಲ್ಲ, ದೊಡ್ಡ ಮೆಮೊರಿ ಕಾರ್ಡ್ ಹಾಕಿಸಿದ್ದೇನೆ.

ಹೋದ ವಾರ ಹೀಗೆ ಕೂತಿದ್ದಾಗ ಅತ್ತೆ ಬಂದು ನಿಂತರು.

"ದಿನಾ ಅದರ ಮುಂದ ಏನ್ ಹೇಳ್ತಿ?"

"ನಂದ ಕತಿರಿ, ಅತ್ತಿ."

"ಕಾಶಿದೂ ಇಟ್ಕೋತದೇನು ಅದು?"

"ಇಟ್ಕೋತದ್ರಿ."

ಕೂತರು. ಸೆರಗು ಸರಿ ಮಾಡಿಕೊಂಡರು. ಫೋನ್ ನೋಡಿದರು, ನನ್ನನ್ನು ನೋಡಿದರು.

"ನಿನ್ ಮಕಾ ನೋಡ್ಕೋತ ಹೇಳಾಕ ಬರಂಗಿಲ್ಲ ನನಗ. ಮಲಕೋ. ಕಣ್ ಮುಚ್ಚು."

ಚಾಪೆಯ ಮೇಲೆ ಮಲಗಿದೆ. ಈ ರೋಗ ಬಂದಾಗಿನಿಂದ ನನಗಿದ್ದ ಭಯ ಒಂದೇ: ನನ್ನ ಕಣ್ಣು ಮುಚ್ಚಿದಾಗ ಈ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು. ಹಗಲು ಹೊತ್ತಿನಲ್ಲಿ ನಾನಾಗಿ ಕಣ್ಣು ಮುಚ್ಚಿದವಳೇ ಅಲ್ಲ.

"ಮುಚ್ಚಿದಿ?"

"ಮುಚ್ಚೀನ್ರಿ."

ಕಲೆ ಬೀಳುತ್ತಿದ್ದ ಜಾಗದಲ್ಲೇ ಅವರ ಕೈ ಬಂದು ಕೂತಿತು. ಈ ಸಲ ಹಗುರವಾಗಿ.

"ಕಾಶಿ ನನಕಿಂತ ನಾಕ್ ವರ್ಷ ಸಣ್ಣಾಕಿ," ಎಂದು ಶುರು ಮಾಡಿದರು.