ಬೋರ್ಡಿನ ನಡುವಿನ ಗೆರೆ

ನನ್ನ ಗೆಳೆಯ ಪ್ರೇಮ್‌ಕುಮಾರ್ ತೀರಿಕೊಂಡು ತಿಂಗಳಾಗುತ್ತ ಬಂತು. ಬದನವಾಳಿನಲ್ಲಿ ನೂಲುತ್ತಿದ್ದ ಮಾದಮ್ಮನ ಮಗ. ನಂಜನಗೂಡಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ.

ತರಗತಿಗೆ ಬಂದವನೇ ಬೋರ್ಡಿನ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆಯುತ್ತಿದ್ದ. ಎಡಕ್ಕೆ ಒಂದು ಪ್ರೋಗ್ರಾಂ, ಬಲಕ್ಕೆ ಅದೇ ಕೆಲಸ ಮಾಡುವ ಇನ್ನೊಂದು. ಕರೆಂಟು ಹೋದರೆ ಮಕ್ಕಳನ್ನು ಅಂಗಳದಲ್ಲಿ ಎರಡು ಸಾಲಾಗಿ ನಿಲ್ಲಿಸಿ, ಎತ್ತರದ ಪ್ರಕಾರ ಜೋಡಿಸಿಕೊಳ್ಳಲು ಹೇಳುತ್ತಿದ್ದ. ಒಂದು ಸಾಲಿನವರು ಪಕ್ಕದವರೊಡನೆ ಅಳೆದುಕೊಂಡು ಜಾಗ ಬದಲಿಸಬೇಕು. ಇನ್ನೊಂದರಲ್ಲಿ ಎಲ್ಲರಿಗಿಂತ ಕುಳ್ಳಗಿರುವವರನ್ನು ಹುಡುಕಿ ಮುಂದೆ ತರಬೇಕು, ಮತ್ತೆ ಉಳಿದವರಲ್ಲಿ ಹುಡುಕಬೇಕು.

“ಯಾವ್ದು ಸರಿ ಸಾ?”

“ಎರ್ಡೂ ಸರಿ ಕಣ್ಲಾ. ಯಾವಾಗ ಯಾವ್ದು ವಾಸಿ ಅಂತ ನೀನೇ ಯೋಳು.”

“ಯೋಳಾಕೆ ಗೊತ್ತಿದ್ರೆ ಇಲ್ಲಿಗ್ಯಾಕೆ ಬತ್ತಿದ್ದೆ ಸಾ?”

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಪ್ರೇಮ್‌ಕುಮಾರನೇ.

೨೦೦೧ರ ಡಿಪ್ಲೊಮಾ ಪರೀಕ್ಷೆಯಲ್ಲಿ ಅವನ ವಿದ್ಯಾರ್ಥಿಗಳು ಉತ್ತರ ಪತ್ರಿಕೆಯಲ್ಲೂ ನಡುವೆ ಗೆರೆ ಎಳೆದು ಎರಡೆರಡು ಪ್ರೋಗ್ರಾಂ ಬರೆದು ಬಂದರು. ಕೇಳಿದ್ದು ಒಂದು. ತಿದ್ದಿದವರು ಎರಡನ್ನೂ ಹೊಡೆದುಹಾಕಿದ್ದರು. ಎಲ್ಲರಿಗಿಂತ ಚುರುಕಾಗಿದ್ದ ರೋಜಾ ಕೂಡ ಫೇಲಾದಳು.

ಸೆಂಟರಿನ ಮಾಲೀಕ ಚಿಕ್ಕಸ್ವಾಮಿ ಕರೆಸಿ ಹೇಳಿದ: “ಮೇಷ್ಟ್ರೇ, ಊಟಕ್ಕೆ ಕೂತೋರ್ಗೆ ಒಂದೆಲೆ ಸಾಕು. ಎರಡೆಲೆ ಹಾಕಿ ಹಸ್ದೊಟ್ಟೇಲಿ ಏಳುಸ್ಬ್ಯಾಡಿ. ನಾಳೆಯಿಂದ ಗೆರೆ ಬ್ಯಾಡ.”

ಮಾರನೆಯ ದಿನದಿಂದ ಪ್ರೇಮ್‌ಕುಮಾರ್ ಬೋರ್ಡಿನ ತುಂಬ ಒಂದೇ ಪ್ರೋಗ್ರಾಂ ಬರೆಯತೊಡಗಿದ. ಮಕ್ಕಳು ಬಾಯಿಪಾಠ ಮಾಡಿ ಪಾಸಾದರು. ಒಂದು ಸಂಜೆ ಕಪಿಲಾ ನದಿಯ ಮೆಟ್ಟಿಲ ಮೇಲೆ ಕೂತಾಗ ನನಗೆ ಹೇಳಿದ: “ಈಗ್ಲೂ ಎಲ್ರೂ ಬತ್ತಾರೆ ಕಣೋ. ಆದ್ರೆ ಯಾವ್ದು ಸರಿ ಅಂತ ಒಬ್ರೂ ಕೇಳಲ್ಲ.”

ಆಮೇಲೆ ಅವನು ನಕ್ಕಿದ್ದು ಕಡಿಮೆ. ಕಾಮಾಲೆ ಹಿಡಿದು ಮಲಗಿದಾಗಲೂ ಅವನಿಗೆ ಅದೊಂದೇ ಯೋಚನೆ. “ರೋಜಾ ಮೇಷ್ಟ್ರಾದ್ರೆ ಗೆರೆ ಎಳೀತಾಳೆ, ನೋಡ್ತಿರು.”

ಅವನ ಸಾವಿನ ಸುದ್ದಿ ತಿಳಿಸಲು ಹೋದ ವಾರ ಟಿ. ನರಸೀಪುರಕ್ಕೆ ಹೋದೆ. ರೋಜಾ ಮರುಪರೀಕ್ಷೆ ಪಾಸು ಮಾಡಿ ಅಲ್ಲೊಂದು ಸೆಂಟರಿನಲ್ಲಿ ಈಚೆಗೆ ಕಲಿಸತೊಡಗಿದ್ದಾಳೆ. ಬಾಗಿಲಲ್ಲಿ ನಿಂತು ಬೋರ್ಡು ನೋಡಿದೆ. ಗೆರೆ ಇರಲಿಲ್ಲ.

ನಾನು ಕೇಳುವ ಮೊದಲೇ ಅವಳು ತಲೆ ತಗ್ಗಿಸಿದಳು. “ಒಂದೇ ಸಾಕು ಅಂತಾರೆ ಅಣ್ಣ. ಮಕ್ಳು ಪಾಸಾಗ್ಬೇಕಲ್ಲ.”

ವಿಷಯ ಹೇಳಿದೆ. ಚಾಕ್‌ಪೀಸು ಹಿಡಿದುಕೊಂಡೇ ಬೆಂಚಿನ ಮೇಲೆ ಕೂತಳು. ನಾನು ಮತ್ತೆ ಬೋರ್ಡಿನತ್ತ ನೋಡಿದೆ. ಪ್ರೋಗ್ರಾಮನ್ನು ಸಣ್ಣ ಅಕ್ಷರದಲ್ಲಿ, ಸಾಲುಗಳನ್ನು ಮುರಿದು ಮುರಿದು, ಎಡ ಅರ್ಧಕ್ಕೇ ಹಿಡಿಸಿದ್ದಳು. ಬಲಗಡೆ ಏನೂ ಬರೆದಿರಲಿಲ್ಲ.