ಅಳಿವೆ ದಾಟದೆ ಬಂದ ಅಪ್ಪ

ಹೆಲಿಕಾಪ್ಟರಿನ ಎಂಜಿನ್ ನಿಂತ ಮೇಲೆ ಸದ್ದು ಹೇಗಿತ್ತು ಎಂದು ಯಾರು ಕೇಳಿದರೂ ಅಪ್ಪನದು ಒಂದೇ ಉತ್ತರ: “ಬೀಸುಬಲೆ ಗಾಳಿಲಿ ಬಿಚ್ಕಂಬಾಗ ಆಗ್ತದಲ್ಲ, ಅದೇ ಸದ್ದು.” ಹೇಳುತ್ತ ಕಣ್ಣು ಅರ್ಧ ಮುಚ್ಚುತ್ತಿದ್ದ.

ಮೇ ಮುಗಿಯುತ್ತಿತ್ತು. ಮಳೆಗಾಲಕ್ಕೆ ಮೀನುಗಾರಿಕೆ ನಿಲ್ಲುವ ಮುಂಚಿನ ಕೊನೆಯ ಸುತ್ತಿನಲ್ಲಿ ಅಪ್ಪ ನಡೆಸುತ್ತಿದ್ದ ಬೋಟಿನ ತಳ ಬಿರಿದು ನೀರು ನುಗ್ಗಿತು. ಜೊತೆಗಿದ್ದ ಮೂವರನ್ನು ಇನ್ನೊಂದು ಬೋಟ್ ಎತ್ತಿಕೊಂಡಿತು. ಅಪ್ಪ ಖಾಲಿ ಡೀಸೆಲ್ ಕ್ಯಾನು ತಬ್ಬಿಕೊಂಡು ದೂರ ತೇಲಿಹೋಗಿದ್ದ. ಹುಡುಕಲು ಬಂದ ಹೆಲಿಕಾಪ್ಟರ್ ಅವನನ್ನು ಹಗ್ಗ ಇಳಿಬಿಟ್ಟು ಮೇಲಕ್ಕೆಳೆಯಿತು. ದಡ ಕಣ್ಣಿಗೆ ಬೀಳುವಷ್ಟರಲ್ಲಿ ಅದರ ಎಂಜಿನ್ನೇ ನಿಂತುಹೋಯಿತು. ಪೈಲಟ್ ಅದನ್ನು ಕಾಯ್ಕಿಣಿಯ ಒಂದು ಖಾಲಿ ಗದ್ದೆಗೆ ಇಳಿಸಿದ. ಬಾಲ ಮುರಿಯಿತು, ಮನುಷ್ಯರಿಗೆ ತರಚು ಗಾಯವಷ್ಟೇ. ಮರುದಿನ ಮುರ್ಡೇಶ್ವರದ ನನ್ನ ಸೋದರಮಾವ ಅಪ್ಪನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು, ಹೆದ್ದಾರಿ ಹಿಡಿದು, ಶರಾವತಿ ಸೇತುವೆ ದಾಟಿಸಿ ಹೊನ್ನಾವರದ ಮನೆಗೆ ತಂದ.

ಆ ಮಳೆಗಾಲವಿಡೀ ಅಪ್ಪ ಜಗಲಿಯಲ್ಲೇ ಕೂತ. ಬಲೆ ಹೆಣೆಯಲೂ ಬಂದರಿಗೆ ಹೋಗಲಿಲ್ಲ. ಹೆದರಿದ್ದಾನೆ ಎಂದು ನನ್ನ ತೀರ್ಮಾನ. ಕುಮಟಾದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತಯಾರಾದವಳು ನಾನು. ಹೆದರಿಕೆಗೆ ಕಾರಣ ತಿಳಿಸಿದರೆ ಹೆದರಿಕೆ ಹೋಗುತ್ತದೆ ಎಂದುಕೊಂಡಿದ್ದೆ. ಎಂಜಿನ್ ನಿಂತರೂ ರೆಕ್ಕೆ ನಿಲ್ಲುವುದಿಲ್ಲ, ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ಅದನ್ನು ತಿರುಗಿಸುತ್ತದೆ, ಪೈಲಟ್ಟುಗಳು ಅದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿರುತ್ತಾರೆ, ಇದರಲ್ಲಿ ಪವಾಡ ಇಲ್ಲ ಎಂದು ವಿವರಿಸಿದೆ.

ಅಪ್ಪ ಪೂರ್ತಿ ಕೇಳಿದ. “ನೀ ಹೇಳಿದ್ದು ಸಮ ಮಗಾ. ಹೆಲಿಕಾಪ್ಟರ್ ಯಾಕೆ ಬೀಳ್ಲಿಲ್ಲ ಅಂತ ಗೊತ್ತಾತು. ನಾ ಯಾಕೆ ಇನ್ನೂ ಬರ್ಲಿಲ್ಲ, ಅದು ಹೇಳು.”

“ಬರ್ಲಿಲ್ಲ ಅಂದ್ರೆ ಎಂತ? ಇಲ್ಲೇ ಕೂತಿದ್ದೀಯಲ್ಲ.”

“ಕೂತದ್ದು ಹೌದು. ಬಂದದ್ದಲ್ಲ.”

ನಮ್ಮ ಕೇರಿಯಲ್ಲಿ ಒಂದು ಕಟ್ಟಳೆಯಿದೆ. ಶರಾವತಿ ಕಡಲು ಸೇರುವ ಬಾಯಿಗೆ ಅಳಿವೆ ಎನ್ನುತ್ತೇವೆ. ಅಳಿವೆಯಿಂದ ಹೊರಬಿದ್ದವನು ಅಳಿವೆಯಿಂದಲೇ ಒಳಬರಬೇಕು. ಬರುವಾಗ ಒಂದು ಬೊಗಸೆ ನೀರು ಹಣೆಗೆ ಮುಟ್ಟಿಸಬೇಕು. ಬೇರೆ ಬಂದರಿಗೆ ಹೋಗಿ ಬಸ್ಸಿನಲ್ಲಿ ಮನೆಗೆ ಬಂದವನನ್ನು ಅಜ್ಜಿ ‘ಅರ್ಧ ಬಂದವ’ ಎನ್ನುತ್ತಿದ್ದಳು. ಒಳಬಾರದೆ ಎರಡನೇ ಸಲ ಹೊರಟವನನ್ನು ಕಡಲು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಮರಳಿ ದಡಕ್ಕೆ ಬಿಡುವುದೂ ಇಲ್ಲವಂತೆ. ಜೊತೆಗಿದ್ದ ಮೂವರು ಬೋಟಿನಲ್ಲಿ ಅಳಿವೆ ಹೊಕ್ಕು ಬಂದಿದ್ದರು. ಅಪ್ಪ ಸೇತುವೆಯ ಮೇಲಿಂದ ಅದನ್ನು ನೋಡಿದ್ದನಷ್ಟೇ.

ಹಾಗಾಗಿ ಅವನ ಪಾಲಿಗೆ ಅವನು ಇನ್ನೂ ಮೇಲೆ, ಆಕಾಶದಲ್ಲೇ ಇದ್ದ. ಅವನ ಮಾತೂ ಹಾಗೇ ಇರುತ್ತಿತ್ತು. ಮಳೆ ಹನಿ ಕಡಿದ ಮಧ್ಯಾಹ್ನಗಳಲ್ಲಿ, ನಾನು ಎದುರಿಗೇ ನಿಂತಿದ್ದರೂ, “ನಿನ್ನ ಬೈತಲೆ ಮಾತ್ರ ಕಾಣ್ತದೆ” ಅನ್ನುತ್ತಿದ್ದ. ನಮ್ಮ ಮನೆ ಬೆಂಕಿಪೊಟ್ಟಣದಷ್ಟು, ಹೊಳೆ ಒಣಹಾಕಿದ ಸೀರೆಯಷ್ಟು, ನನ್ನ ಅಮ್ಮ, ಅಂದರೆ ಆಯಿ, ಬಾವಿಕಟ್ಟೆಯ ಹತ್ತಿರ ಒಂದು ಕೆಂಪು ಚುಕ್ಕೆ. ಕೇಳುತ್ತ ಕೇಳುತ್ತ ನನಗೂ ಕಾಲಡಿಯ ನೆಲ ಮೆಲ್ಲಗೆ ದೂರ ಸರಿದಂತಾಗುತ್ತಿತ್ತು, ಕಂಬ ಹಿಡಿದುಕೊಳ್ಳುತ್ತಿದ್ದೆ.

ಆಯಿಗೆ ಇಂಥದ್ದು ನಡೆಯುವುದಿಲ್ಲ. “ಹ್ವಾಯ್, ಅಷ್ಟು ಮೇಲಿದ್ದೀರಿ ಅಂದ್ರೆ ಒಂಚೂರು ನೋಡಿ ಹೇಳಿ, ಹೆಂಚು ಎಲ್ಲಿ ಒಡೆದದೆ?”

“ಅಡುಗೆಮನೆ ಮೂಲೆಲಿ.”

“ಅದು ಕೆಳಗಿಂದ್ಲೂ ಕಾಣ್ತದೆ ಅಪ್ಪಾ. ಇದು ಸಾಕ್ಷಿ ಆಗೂದಿಲ್ಲ” ಎಂದೆ.

ಅಪ್ಪನೂ ನಕ್ಕ. ನಗು ಮಾತ್ರ ಎಲ್ಲೋ ಎತ್ತರದಿಂದ ಇಳಿದು ಬಂದ ಹಾಗಿತ್ತು.

ಆಗಸ್ಟ್ ಬಂತು. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಮೀನುಗಾರಿಕೆ ಮತ್ತೆ ಶುರುವಾಯಿತು. ಅಪ್ಪ ಬೋಟ್ ನಡೆಸುವ ತಾಂಡೇಲ. ತಳ ಬಿರಿದ ಬೋಟಿನ ಮಾಲಕರ ಬಳಿ ಇನ್ನೊಂದು ಬೋಟಿತ್ತು; ಅವರು ಎರಡು ಸಲ ಜನ ಕಳಿಸಿದರು. ಮೂರನೇ ಸಲ ಅವರೇ ಬಂದು, ಬರುವ ಸೋಮವಾರ ಹೊರಡುತ್ತೇವೆ, ನೀನು ಬಾರದಿದ್ದರೆ ಬೇರೆಯವನನ್ನು ನೋಡುವುದು ಅನಿವಾರ್ಯ ಎಂದರು. ಚಹಾ ಕುಡಿಯದೆ ಎದ್ದು ಹೋದರು. ಅಪ್ಪನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಬೇರೆ ಕೆಲಸದ ಅಪ್ಪ ನಮಗೂ ಗೊತ್ತಿರಲಿಲ್ಲ.

ಕಟ್ಟಳೆಯೇ ಸುಳ್ಳು ಎಂದು ವಾದಿಸಿ ನಾನಾಗಲೇ ಸೋತಿದ್ದೆ. ಎದುರಾಳಿಯ ನೆಲ ಕಿತ್ತುಕೊಳ್ಳಲಾಗದಿದ್ದರೆ ಅದರ ಮೇಲೆಯೇ ನಿಂತು ಮಾತಾಡು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಜಗಲಿಗೆ ಹೋಗಿ ಕೂತೆ.

“ಅಪ್ಪಾ, ನೀ ಇನ್ನೂ ಹೊರಗೇ ಇದ್ದೀ. ಒಪ್ಪಿದೆ. ಹೊರಗಿದ್ದವ ದೋಣಿ ಹತ್ತಿದ್ರೆ ಅದು ಎರಡನೇ ಸಲ ಹೊರಡೂದು ಹೇಗೆ ಆಗ್ತದೆ? ಬರೂದೇ ಆಗ್ತದೆ. ಕಾಯ್ಕಿಣಿಲಿ ನಿಂತ ಪ್ರಯಾಣ ಕಾಯ್ಕಿಣಿಂದ ಮುಂದುವರಿಸುವ.”

ಅವನು ತುಂಬ ಹೊತ್ತು ನನ್ನ ಬೈತಲೆ ನೋಡಿದ. “ಮಾವನ ದೋಣಿ ಇದ್ಯಾ ಕೇಳು” ಎಂದ.

ಭಾನುವಾರ ಬಸ್ಸಿನಲ್ಲಿ ಕಾಯ್ಕಿಣಿಗೆ ಹೋದೆವು. ಗದ್ದೆಯಲ್ಲಿ ಭತ್ತ ಮೊಣಕಾಲೆತ್ತರ ಬೆಳೆದಿತ್ತು. ಹೆಲಿಕಾಪ್ಟರ್ ಇಳಿದ ಗುರುತೇ ಇಲ್ಲ. ಅಪ್ಪ ಬದುವಿನ ಮೇಲೆ ನಡೆದು ಒಂದು ಕಡೆ ನಿಂತ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ, ಅಲ್ಲಿಂದ ಬರಿಗಾಲಲ್ಲೇ ಕಡಲತ್ತ ನಡೆದ. ಮಾವ ತನ್ನ ಎಂಜಿನ್ ದೋಣಿ ನೀರಿಗೆ ತಳ್ಳಿ ಕಾಯುತ್ತಿದ್ದ.

“ಬಾವ, ಟಿಕೆಟ್ ತಕಂಡ್ರಾ? ಮೇಲಿಂದ ಬಂದವ್ರಿಗೆ ಪುಕ್ಕಟೆ ಇಲ್ಲ, ಹ್ಞಾಂ!”

ಅಪ್ಪ ಹತ್ತಿ ದೋಣಿಯ ಅಂಚು ಬಿಗಿಹಿಡಿದು ಕೂತ. ಆ ದಿನ ಕಡಲು ಉಸಿರು ಕಟ್ಟಿ ಮಲಗಿತ್ತು. ದಡದ ತೆಂಗಿನ ಸಾಲು ಕನಸಿನಲ್ಲಿ ಕಂಡ ಊರಿನಂತೆ ಹಿಂದೆ ಹಿಂದೆ ಜಾರಿತು. ಎಷ್ಟು ಹೊತ್ತು ಹಾಗೆ ಸಾಗಿದೆವೋ ಗೊತ್ತಿಲ್ಲ; ನನಗೆ ತೂಕಡಿಕೆ ಬಂದಿತ್ತು. ಕಣ್ಣು ಬಿಟ್ಟಾಗ ಎದುರಿಗೆ ಅಳಿವೆ. ಮರಳದಿಬ್ಬದ ಮೇಲೆ ಅಲೆ ಮುರಿಯುವ ಬಿಳಿ ಗೆರೆ, ಅದರಾಚೆ ಸೇತುವೆ.

ಮಾವ ವೇಗ ತಗ್ಗಿಸಿದ. “ಸಮಾ ಕಾಣ್ತಿಲ್ಲ ಬಾವ. ದಿಬ್ಬ ಈ ಮಳೆಗಾಲ ಜಾಗ ಬದಲಿಸಿದೆ.”

ಅಪ್ಪ ಎದ್ದು ಹೋಗಿ ಚುಕ್ಕಾಣಿಗೆ ಕೈ ಹಾಕಿದ. ಯಾರೂ ಹೇಳಿರಲಿಲ್ಲ. ಒಂದು ದೊಡ್ಡ ಅಲೆಯನ್ನು ಮುಂದೆ ಹೋಗಲು ಬಿಟ್ಟು, ಅದರ ಬೆನ್ನು ಹಿಡಿದು ದೋಣಿಯನ್ನು ಒಳಗೆ ನುಗ್ಗಿಸಿದ. ಉಪ್ಪುನೀರು ಮೂವರ ಮುಖಕ್ಕೂ ಬಡಿಯಿತು. ಆಮೇಲೆ ನೀರು ಸಪಾಟಾಯಿತು.

ಅಲ್ಲಿ ಅಪ್ಪ ಎಂಜಿನ್ ನಿಲ್ಲಿಸಿದ.

“ಕೇಳು” ಎಂದ.

ಮೊದಲು ಏನೂ ಕೇಳಲಿಲ್ಲ. ಆಮೇಲೆ ದೋಣಿಯ ಅಡಿಯಲ್ಲಿ ಬಲೆ ಬಿಚ್ಚಿಕೊಂಡಂಥ ಸಣ್ಣ ಸದ್ದು. ಉಬ್ಬರದ ನೀರು ನಮ್ಮನ್ನು ತಾನೇ ಹೊತ್ತು ಒಳಗೆ ಒಯ್ಯುತ್ತಿತ್ತು. ಅಪ್ಪ ಬಾಗಿ ಬೊಗಸೆ ನೀರೆತ್ತಿ ಹಣೆಗೆ ಮುಟ್ಟಿಸಿಕೊಂಡ. ಅದು ಗಲ್ಲಕ್ಕೆ ಇಳಿಯುತ್ತಿದ್ದಂತೆ ನನ್ನ ಕಡೆ ತಿರುಗಿದ.

ಉಬ್ಬರಕ್ಕೆ ಕಾರಣ ಚಂದ್ರ, ಬೊಗಸೆ ನೀರಲ್ಲ ಎಂಬುದು ಆಗಲೂ ನನಗೆ ಗೊತ್ತಿತ್ತು; ಈಗಲೂ ಆ ಮಾತು ಬಿಟ್ಟುಕೊಟ್ಟಿಲ್ಲ.

“ನಿದ್ದೆ ಮಾಡಿ ಮುಖ ಊದ್ಕಂಡದೆ ನಿಂದು” ಎಂದ ಅಪ್ಪ. “ಆಯಿಗೆ ಫೋನ್ ಮಾಡು. ಊಟಕ್ಕೆ ಬಂದೆ ಅಂತ ಹೇಳು. ಹಾಂಗೇ ಬೋಟಿನವ್ರಿಗೂ, ನಾಳೆ ಬರ್ತೆ ಅಂತ.”